ಹೊಸ್ತಿಲ ಮೇಲಿನ ದೀಪ

ಪ್ರಶ್ನೆ: ಮಗಳ ಜೊತೆ ಕೂತು 'ಕಾರ್ಸ್ 3' ನೋಡಿದೆ. ಅದರಲ್ಲಿ ಕ್ರೂಜ್ ರಮೀರೆಜ್ ಎಂಬ ಹಳದಿ ಕಾರಿಗೆ ದನಿ ಕೊಟ್ಟವರು ಕ್ರಿಸ್ಟೆಲಾ ಅಲೊಂಜೊ ಎಂದು ಕೊನೆಯಲ್ಲಿ ಹೆಸರು ಬಂತು. ಯಾರಿವರು ಎಂದು ಹುಡುಕಿದರೆ ಒಂದು ಕಡೆ ನಟಿ ಎಂದಿದೆ, ಒಂದು ಕಡೆ ಹಾಸ್ಯಗಾರ್ತಿ, ಇನ್ನೊಂದು ಕಡೆ ಲೇಖಕಿ. ಎಲ್ಲ ಕಡೆಯೂ 'ಎರಡು ಸಂಸ್ಕೃತಿಗಳ ಲ್ಯಾಟಿನಾ' ಎಂಬ ವಿಶೇಷಣ ಬೇರೆ. ಇಷ್ಟಕ್ಕೂ ಇವರು ನಟಿಯೋ, ಬರಹಗಾರ್ತಿಯೋ? ಎರಡು ಸಂಸ್ಕೃತಿಗಳ ನಡುವೆ ಬೆಳೆದದ್ದಕ್ಕೂ ಜನರನ್ನು ನಗಿಸುವುದಕ್ಕೂ ಏನು ಸಂಬಂಧ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ನೀವು ನೋಡಿದ ಸಿನಿಮಾದಲ್ಲೇ ಇದೆ. ಕ್ರೂಜ್ ರಮೀರೆಜ್ ರೇಸ್ ಕಾರುಗಳಿಗೆ ತರಬೇತಿ ಕೊಡುವವಳು. ಆದರೆ ಚಿಕ್ಕಂದಿನಿಂದ ಅವಳಿಗಿದ್ದ ಆಸೆ ತಾನೇ ರೇಸಿಗೆ ಇಳಿಯಬೇಕೆಂಬುದು. ಮೊದಲ ರೇಸಿನ ದಿನ ಅಕ್ಕಪಕ್ಕ ನಿಂತ ಕಾರುಗಳನ್ನು ನೋಡುತ್ತಾಳೆ. ಎಲ್ಲವೂ ತನಗಿಂತ ದೊಡ್ಡವು, ಬಲವಾದವು, ಈ ಮೈದಾನ ತಮ್ಮದೇ ಎಂಬ ಭರವಸೆ ಇರುವಂಥವು. ಇದು ನನ್ನ ಜಾಗವಲ್ಲ ಅನ್ನಿಸಿ, ರೇಸ್ ಶುರುವಾಗುವ ಮೊದಲೇ ಹೊರಟುಬಿಡುತ್ತಾಳೆ. ಅವಳು ಇದನ್ನು ಚಿತ್ರದ ನಾಯಕ ಕಾರು ಮೆಕ್ವೀನ್ ಎದುರು ಬಾಯಿಬಿಟ್ಟು ಹೇಳುವಾಗ ಮಕ್ಕಳ ಜೊತೆ ಕೂತ ದೊಡ್ಡವರ ಗಂಟಲು ಕಟ್ಟುತ್ತದೆ. 2017ರ ಈ ಚಿತ್ರದ ನಿರ್ದೇಶಕರು ಬ್ರಯಾನ್ ಫೀ. ಪಾತ್ರ ರೂಪುಗೊಳ್ಳುತ್ತಿದ್ದಾಗ ಚಿತ್ರತಂಡ ಕ್ರಿಸ್ಟೆಲಾ ಅವರ ಬದುಕಿನ ಕಥೆಗಳನ್ನು ಕೇಳಿಸಿಕೊಂಡಿತು; ಅದರ ಸಾರ ಕ್ರೂಜ್ ಪಾತ್ರಕ್ಕೆ ಇಳಿಯಿತು. ಹಾಗಾಗಿ ಆ ಹಳದಿ ಕಾರಿನಲ್ಲಿ ಅವರ ದನಿಯಷ್ಟೇ ಅಲ್ಲ, ಅವರ ಕಥೆಯೂ ಒಂದಿಷ್ಟು ಇದೆ.

ಆ ಕಥೆ ಶುರುವಾಗುವುದು ಟೆಕ್ಸಸ್ ರಾಜ್ಯದ ದಕ್ಷಿಣದ ತುದಿಯಲ್ಲಿರುವ ಸ್ಯಾನ್ ಹ್ವಾನ್ ಎಂಬ ಸಣ್ಣ ಊರಿನಲ್ಲಿ. ರಿಯೊ ಗ್ರಾಂಡೆ ನದಿ ಸಮುದ್ರ ಸೇರುವ ಮೊದಲು ಹಾದುಹೋಗುವ ಬಯಲುಸೀಮೆ ಅದು. ಅಲ್ಲಿಯವರು ಬರೀ 'ವ್ಯಾಲಿ' ಎನ್ನುತ್ತಾರೆ. ನದಿಯ ಒಂದು ದಡ ಅಮೆರಿಕ, ಇನ್ನೊಂದು ದಡ ಮೆಕ್ಸಿಕೊ. ಸುತ್ತ ಗ್ರೇಪ್‌ಫ್ರೂಟ್ ಹಣ್ಣಿನ ತೋಟಗಳು, ಈರುಳ್ಳಿ ಮತ್ತು ಕರಬೂಜದ ಹೊಲಗಳು, ಅವುಗಳಲ್ಲಿ ಕೂಲಿ ಮಾಡುವ ಜನ. 1848ರಲ್ಲಿ ಎರಡು ದೇಶಗಳ ಯುದ್ಧ ಮುಗಿದು ಒಪ್ಪಂದವಾದಾಗ ಈ ನದಿಯೇ ಗಡಿ ಎಂದು ತೀರ್ಮಾನವಾಯಿತು. ಅಂದರೆ ಅಲ್ಲಿನ ಎಷ್ಟೋ ಮನೆತನಗಳು ಗಡಿ ದಾಟಿ ಬಂದವಲ್ಲ, ಗಡಿಯೇ ಅವರ ಮನೆ ದಾಟಿ ಹೋಯಿತು. ಆಮೇಲೆ ಬಂದವರಿಗೆ ಇನ್ನೊಂದು ಕಷ್ಟ. ನದಿ ದಾಟಿದರೆ ಮುಗಿಯಲಿಲ್ಲ. ಉತ್ತರಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ಫಾಲ್ಫುರಿಯಸ್ ಎಂಬ ಊರಿನ ಬಳಿ, ಗಡಿ ಪೊಲೀಸರ ಮತ್ತೊಂದು ತಪಾಸಣಾ ಠಾಣೆ ಇದೆ. ಕಾಗದಪತ್ರ ಸರಿ ಇಲ್ಲದವರು ಆ ಎರಡು ಗೆರೆಗಳ ನಡುವೆಯೇ ಬದುಕು ಸವೆಸಬೇಕು.

1979ರ ಜನವರಿ 6ರಂದು ಹುಟ್ಟಿದ ಕ್ರಿಸ್ಟೆಲಾ, ನಾಲ್ಕು ಮಕ್ಕಳಲ್ಲಿ ಕಿರಿಯವರು. ಮೆಕ್ಸಿಕೊದಿಂದ ಬಂದ ತಾಯಿ ಒಬ್ಬರೇ ನಾಲ್ವರನ್ನೂ ಸಾಕಿದರು. ಮನೆ ಎಂದು ಇದ್ದದ್ದು ಪಾಳುಬಿದ್ದ ಒಂದು ಹಳೆಯ ಹೋಟೆಲು. ರಸ್ತೆ ಬದಿಯ ತಿಂಡಿ ಹೋಟೆಲು ಬಾಗಿಲು ಹಾಕಿ ಹೋದ ಮೇಲೆ ಆ ಕಟ್ಟಡದಲ್ಲೇ ಈ ಸಂಸಾರ ಬೀಡುಬಿಟ್ಟಿತ್ತು. ಕ್ರಿಸ್ಟೆಲಾ ಅವರ ಮೊದಲ ಏಳೆಂಟು ವರ್ಷಗಳು ಅಲ್ಲೇ ಕಳೆದವು. ತಾಯಿ ಇನ್ನೊಂದು ಹೋಟೆಲಿನಲ್ಲಿ ಒಂದರ ಮೇಲೊಂದು ಪಾಳಿ ದುಡಿಯುತ್ತಿದ್ದರು. ಊರಿನವರೆಲ್ಲ ತಿಂದು ಹೋಗುತ್ತಿದ್ದ ಕಟ್ಟಡದಲ್ಲಿ ಹಸಿದ ಮಕ್ಕಳು, ಊರಿನವರಿಗೆಲ್ಲ ಊಟ ಬಡಿಸುವ ಅಮ್ಮ. ಮುಂದೆ ಕ್ರಿಸ್ಟೆಲಾ ವೇದಿಕೆಯ ಮೇಲೆ ಹೇಳಿದ್ದರಲ್ಲಿ ಬಹುಪಾಲು ಈ ಕಟ್ಟಡದಿಂದಲೇ ಹೊರಟಿದೆ.

ಮನೆಯ ಮಾತು ಸ್ಪ್ಯಾನಿಷ್. ಇಂಗ್ಲಿಷನ್ನು ಆ ಹುಡುಗಿ ಕಲಿತದ್ದು ಟಿವಿ ನೋಡಿ. ಟೆಕ್ಸಸ್‌ನಲ್ಲಿ ಈ ಮಾತಿಗೆ ಬೇರೆಯದೇ ತೂಕವಿದೆ. ಅಲ್ಲಿ 1918ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡುವುದನ್ನು ಅಪರಾಧ ಎಂದ ಕಾನೂನು ಬಂದಿತ್ತು. ಆಟದ ಮೈದಾನದಲ್ಲಿ ಸ್ಪ್ಯಾನಿಷ್ ಮಾತಾಡಿದ ಮಕ್ಕಳಿಗೂ ಶಿಕ್ಷೆಯಾಗುತ್ತಿತ್ತು. ಶಾಲೆ ಬಿಟ್ಟ ಮೇಲೂ ಅವರನ್ನು ಕೂರಿಸುವುದಕ್ಕೆ 'ಸ್ಪ್ಯಾನಿಷ್ ಡಿಟೆನ್ಷನ್' ಎಂಬ ಹೆಸರೇ ಇತ್ತು. 1968ರಲ್ಲಿ ದ್ವಿಭಾಷಾ ಶಿಕ್ಷಣಕ್ಕೆ ಕೇಂದ್ರದ ಕಾಯ್ದೆ ಬಂದ ಮೇಲಷ್ಟೇ ಗಾಳಿ ತಿರುಗಿತು. ಹಾಗೆ ಏಟು ತಿಂದು ಬೆಳೆದ ಎಷ್ಟೋ ಅಪ್ಪ ಅಮ್ಮಂದಿರು ಮುಂದೆ ತಮ್ಮ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸಲೇ ಇಲ್ಲ. ಕಲಿಯದೆ ಬೆಳೆದ ಹುಡುಗಿಯನ್ನು ಮೆಕ್ಸಿಕೊದ ನೆಂಟರು 'ಪೋಚಾ' ಎಂದು ಹಂಗಿಸುತ್ತಾರೆ. ಕಲಿತು ಬೆಳೆದವಳನ್ನು ಅಮೆರಿಕದವರು 'ನಿನ್ನ ನಿಜವಾದ ಊರು ಯಾವುದು?' ಎಂದು ಕೇಳುತ್ತಾರೆ. ಇದಕ್ಕೆ ಸ್ಪ್ಯಾನಿಷ್‌ನಲ್ಲಿ ಒಂದು ನಾಣ್ಣುಡಿಯೇ ಇದೆ: 'ನಿ ದೆ ಅಕಿ, ನಿ ದೆ ಅಯಾ'. ಇಲ್ಲಿಯವರೂ ಅಲ್ಲ, ಅಲ್ಲಿಯವರೂ ಅಲ್ಲ.

ನಾವಾದರೆ ತ್ರಿಶಂಕು ಎಂದುಬಿಡುತ್ತೇವೆ. ಆದರೆ ಈ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ. ತ್ರಿಶಂಕುವಿಗೆ ತಲೆಕೆಳಗಾಗಿ ನೇತಾಡುವುದು ಬಿಟ್ಟು ಬೇರೆ ಕೆಲಸವಿಲ್ಲ. ವಲಸೆ ಬಂದವರ ಮನೆಯ ಮಗುವಿಗೆ ಕೈತುಂಬ ಕೆಲಸ. ಡಾಕ್ಟರು ಹೇಳಿದ್ದನ್ನು ಅಮ್ಮನಿಗೆ ಹೇಳಬೇಕು, ಬ್ಯಾಂಕಿನಿಂದ ಬಂದ ಕಾಗದ ಓದಬೇಕು, ಶಾಲೆಯಲ್ಲಿ ತನ್ನ ಮೇಲೆ ಬಂದ ದೂರನ್ನೂ ತಾನೇ ಅನುವಾದ ಮಾಡಿ ಅಮ್ಮನ ಮುಂದಿಡಬೇಕು. ಎರಡೂ ಕಡೆಯವರ ಮುಖ ನೋಡುತ್ತ, ಯಾವ ಮಾತನ್ನು ಹೇಗೆ ಹೇಳಿದರೆ ಅಮ್ಮ ಹೆದರುವುದಿಲ್ಲ, ಎದುರಿನವರು ರೇಗುವುದಿಲ್ಲ ಎಂದು ಆ ಮಗು ಎಂಟು ಹತ್ತು ವರ್ಷಕ್ಕೇ ಅಳೆದು ತೂಗುತ್ತದೆ. ಮಾತಿನ ಸಮಯ, ಪದದ ಆಯ್ಕೆ, ಕೇಳುವವರ ಮುಖದ ಮೇಲೆ ಕಣ್ಣು, ಹಾಸ್ಯಗಾರರಿಗೆ ಬೇಕಾದ ಮೂರೂ ಇವೇ ಅಲ್ಲವೇ? ಎರಡು ಸಂಸ್ಕೃತಿಗಳ ನಡುವೆ ಬೆಳೆದದ್ದಕ್ಕೂ ನಗಿಸುವುದಕ್ಕೂ ಏನು ಸಂಬಂಧ ಎಂದು ಕೇಳಿದಿರಿ. ನನ್ನ ಮಟ್ಟಿಗೆ ಸಂಬಂಧ ಇದೇ. ಮನೆಯಲ್ಲಿ ಮಾಡಿದ ಅನುವಾದದ ಕೆಲಸವೇ ವೇದಿಕೆ ಏರಿದಾಗ ಹಾಸ್ಯವಾಗುತ್ತದೆ.

ಇನ್ನು, ಲ್ಯಾಟಿನಾ ಎಂದರೆ ಮೆಕ್ಸಿಕೊ, ಕ್ಯೂಬಾ, ಪೋರ್ಟೊ ರಿಕೊದಂಥ ಲ್ಯಾಟಿನ್ ಅಮೆರಿಕದ ನಾಡುಗಳಲ್ಲಿ ಬೇರಿರುವ ಹೆಣ್ಣು, ಗಂಡಾದರೆ ಲ್ಯಾಟಿನೊ. 2020ರ ಜನಗಣತಿಯಂತೆ ಅಮೆರಿಕದಲ್ಲಿ ಇವರ ಸಂಖ್ಯೆ 6.2 ಕೋಟಿ, ಐವರಲ್ಲಿ ಹೆಚ್ಚುಕಡಿಮೆ ಒಬ್ಬರು. ಆದರೆ ತೆರೆಯ ಮೇಲೆ ಇವರಿಗೆ ಸಿಕ್ಕ ಜಾಗ ಆ ಲೆಕ್ಕಕ್ಕೆ ಎಂದೂ ಹೊಂದಲಿಲ್ಲ.

ಇದರ ಕಥೆಯನ್ನು 'ಐ ಲವ್ ಲೂಸಿ'ಯಿಂದ ಹೇಳಬೇಕು. 1951ರಲ್ಲಿ ಶುರುವಾದ ಈ ಧಾರಾವಾಹಿಯ ನಾಯಕ ದೇಸಿ ಅರ್ನಾಜ್ ಕ್ಯೂಬಾದಿಂದ ಬಂದ ಸಂಗೀತಗಾರ. ನಾಯಕಿ ಲೂಸಿಲ್ ಬಾಲ್, ದೇಸಿ ಅವರ ನಿಜ ಜೀವನದ ಹೆಂಡತಿ. ಕೆಂಗೂದಲಿನ ಅಮೆರಿಕದ ಹೆಣ್ಣಿಗೆ ಕ್ಯೂಬಾದ ಉಚ್ಚಾರದಲ್ಲಿ ಇಂಗ್ಲಿಷ್ ಮಾತಾಡುವ ಗಂಡನನ್ನು ಜನ ಒಪ್ಪಲಾರರು ಎಂದು ವಾಹಿನಿಯವರು ಹಿಂಜರಿದರು. ಗಂಡ ಹೆಂಡತಿ 1950ರಲ್ಲಿ ಊರೂರು ತಿರುಗಿ ವೇದಿಕೆಯ ಮೇಲೆ ಒಟ್ಟಿಗೆ ನಗಿಸಿ, ಜನ ಒಪ್ಪುತ್ತಾರೆ ಎಂದು ತೋರಿಸಿಕೊಟ್ಟರು. ನಟನೆ ಇರಲಿ, ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು ಮೂರು ಕ್ಯಾಮೆರಾಗಳಲ್ಲಿ ಏಕಕಾಲಕ್ಕೆ ಫಿಲ್ಮ್ ಮೇಲೆ ಚಿತ್ರೀಕರಿಸುವ ಪದ್ಧತಿಯನ್ನು ನೆಲೆಗೊಳಿಸಿದ್ದೂ ದೇಸಿ ಅವರ ಸಂಸ್ಥೆಯೇ. ಅಮೆರಿಕದ ಸಿಟ್‌ಕಾಮ್, ಅಂದರೆ ಒಂದೇ ಮನೆ, ಅದೇ ಜನ, ವಾರಕ್ಕೊಂದು ಕಥೆಯ ಹಾಸ್ಯ ಧಾರಾವಾಹಿ, ಹತ್ತಾರು ವರ್ಷ ನಡೆದದ್ದು ಆ ದಾರಿಯಲ್ಲಿ. ಆ ಧಾರಾವಾಹಿಯಲ್ಲಿ ಒಂದು ಸೂಕ್ಷ್ಮ ಕಟ್ಟಳೆಯೂ ಇತ್ತು: ದೇಸಿ ಅವರ ಪಾತ್ರ ರಿಕಿಯ ಇಂಗ್ಲಿಷ್ ಉಚ್ಚಾರವನ್ನು ಅಣಕಿಸುವ ಹಕ್ಕು ಹೆಂಡತಿ ಲೂಸಿಗೆ ಮಾತ್ರ. ಪ್ರೀತಿ ಇರುವವರು ಅಣಕಿಸಿದರೆ ಸಲಿಗೆ, ಉಳಿದವರು ಅಣಕಿಸಿದರೆ ಅವಮಾನ ಎಂಬ ವಿವೇಕ ಅದು.

ಆ ವಿವೇಕ ಮುಂದೆ ಎಲ್ಲರಿಗೂ ಉಳಿಯಲಿಲ್ಲ. ಪೋರ್ಟೊ ರಿಕೊದಲ್ಲಿ ಹುಟ್ಟಿದ ರೀಟಾ ಮೊರೆನೊ 1961ರ 'ವೆಸ್ಟ್ ಸೈಡ್ ಸ್ಟೋರಿ' ಚಿತ್ರಕ್ಕೆ ಆಸ್ಕರ್ ಗೆದ್ದರು. ಗೆದ್ದ ಮೇಲೂ ಬಂದದ್ದು ಅದೇ ಸವಕಲು ಪಾತ್ರಗಳು. ಅವರು ಬೇಡ ಎನ್ನುತ್ತ ಹೋದರು, ಅದಕ್ಕೆ ಬೆಲೆಯನ್ನೂ ತೆತ್ತರು. ಟೆಕ್ಸಸ್‌ನ ಎಲ್ ಪಾಸೊದಲ್ಲಿ ಹುಟ್ಟಿದ ಲೂಪೆ ಒಂತಿವೆರೋಸ್, ತಾವು ಮನೆಗೆಲಸದವಳ ಪಾತ್ರವನ್ನು ಸುಮಾರು 150 ಸಲ ಮಾಡಿರಬಹುದು ಎಂದು ಲೆಕ್ಕ ಹೇಳುತ್ತಿದ್ದರು. ಅಷ್ಟು ದೊಡ್ಡ ನಟಿ. ಅವರ ಕೈಗೆ ಮತ್ತೆ ಮತ್ತೆ ಕೊಟ್ಟದ್ದು ಪೊರಕೆ, ಬಾಯಿಗೆ ಕೊಟ್ಟದ್ದು ಒಡೆದ ಇಂಗ್ಲಿಷಿನ ಎರಡು ಮಾತು. ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಲೂಪೆ ಅವರಿಗೆ ಮೈತುಂಬ ಪಾತ್ರ ಕೊಟ್ಟವರಲ್ಲಿ ಒಬ್ಬರು ಹೊಸೆಫೀನಾ ಲೋಪೆಜ್. ಮೆಕ್ಸಿಕೊದಲ್ಲಿ ಹುಟ್ಟಿ ಲಾಸ್ ಏಂಜಲೀಸ್‌ನಲ್ಲಿ ಬೆಳೆದ ಈಕೆ ಹೊಲಿಗೆ ಕಾರ್ಖಾನೆಯಲ್ಲಿ ದುಡಿದ ತಮ್ಮದೇ ದಿನಗಳನ್ನು 'ರಿಯಲ್ ವಿಮೆನ್ ಹ್ಯಾವ್ ಕರ್ವ್ಸ್' ಎಂಬ ನಾಟಕವಾಗಿಸಿದರು. 2002ರಲ್ಲಿ ಅದು ಸಿನಿಮಾ ಆದಾಗ ಅಮ್ಮನಾಗಿ ಲೂಪೆ, ಮಗಳಾಗಿ ಅಮೆರಿಕಾ ಫೆರೇರಾ ನಟಿಸಿದರು. ಆ ಮಗಳೇ 2006ರಲ್ಲಿ 'ಅಗ್ಲಿ ಬೆಟ್ಟಿ'ಯ ನಾಯಕಿಯಾದರು. ಅದರ ಮೂಲ ಕೊಲಂಬಿಯಾದ ಧಾರಾವಾಹಿ. ನಮ್ಮ ದೇಶದಲ್ಲಿ 2003ರಲ್ಲಿ ಹಿಂದಿಯ 'ಜಸ್ಸಿ ಜೈಸಿ ಕೋಯಿ ನಹೀಂ' ಆಗಿ ಮನೆಮನೆಗೆ ಬಂದದ್ದೂ ಅದೇ ಕಥೆ. ದಪ್ಪ ಕನ್ನಡಕ, ಹಲ್ಲಿಗೆ ತಂತಿ ಹಾಕಿಕೊಂಡ ಜಸ್ಸಿ ನಿಮಗೆ ನೆನಪಿದ್ದರೆ, ಬೊಗೊಟಾದ ಬೆಟ್ಟಿಯ ಪರಿಚಯವೂ ನಿಮಗೆ ಆದಂತೆಯೇ.

ಇಲ್ಲಿ ಒಂದು ಸಂಗತಿ ಗಮನಿಸಿ. ನಟಿ ಎಷ್ಟೇ ದೊಡ್ಡವಳಿರಲಿ, ಬೇರೆಯವರು ಬರೆದ ಪಾತ್ರಕ್ಕೆ ಕಾಯುತ್ತ ಕೂತಿರುವವರೆಗೆ ಪೊರಕೆ ತಪ್ಪಲಿಲ್ಲ. ಅದೇ ಮನೆಯ ಒಬ್ಬ ಹೆಣ್ಣುಮಗಳು ಪೆನ್ನು ಹಿಡಿದಾಗ ಪಾತ್ರ ಹುಟ್ಟಿತು. 'ನಟಿಯೋ, ಬರಹಗಾರ್ತಿಯೋ' ಎಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಕ್ರಿಸ್ಟೆಲಾ ಅವರಂಥವರಿಗೆ ಬರವಣಿಗೆ ಎರಡನೆಯ ಹವ್ಯಾಸವಲ್ಲ. ಬರೆಯದಿದ್ದರೆ ನಟಿಸಲು ಪಾತ್ರವೇ ಇರುತ್ತಿರಲಿಲ್ಲ. ನಮ್ಮ ದೇಶದ ಮೂಲದ ಮಿಂಡಿ ಕೇಲಿಂಗ್ ಕೂಡ 'ದಿ ಆಫೀಸ್' ಧಾರಾವಾಹಿಯ ಬರಹಗಾರರ ಮೇಜಿನಿಂದಲೇ ಎದ್ದು 2012ರಲ್ಲಿ ತಮ್ಮದೇ ಹೆಸರಿನ ಧಾರಾವಾಹಿಯ ನಾಯಕಿಯಾದರು. ದಾರಿ ಒಂದೇ.

ಕ್ರಿಸ್ಟೆಲಾ ಆ ದಾರಿಗೆ ಬಂದದ್ದು ನೇರವಾಗಿ ಅಲ್ಲ. ನಾಟಕ ಕಲಿಯಲು ಕಾಲೇಜಿಗೆ ಹೋದರು, ಪೂರ್ತಿ ಮಾಡಲಾಗಲಿಲ್ಲ. ಡಾಲಸ್ ಕಡೆಯಲ್ಲಿ ಅಕ್ಕನ ಸಂಸಾರದ ಜೊತೆ ಇದ್ದರು. 2002ರಲ್ಲಿ ತಾಯಿ ತೀರಿಕೊಂಡರು. ಆ ದುಃಖದ ಕಾಲದಲ್ಲಿ ಅಲ್ಲಿನ 'ಅಡಿಸನ್ ಇಂಪ್ರಾವ್' ಎಂಬ ಹಾಸ್ಯ ಕ್ಲಬ್ಬಿನ ಆಫೀಸು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹಗಲು ಲೆಕ್ಕಪತ್ರ, ರಾತ್ರಿ ವೇದಿಕೆಯ ಮೇಲೆ ಬೇರೆಯವರ ಹಾಸ್ಯ. ನೋಡುತ್ತ ನೋಡುತ್ತ ತಾವೇ ಮೈಕ್ ಹಿಡಿದರು. ಕಾಲೇಜಿನಿಂದ ಕಾಲೇಜಿಗೆ, ಊರಿಂದ ಊರಿಗೆ ತಿರುಗಾಟ. ಬೇರೆ ಹಾಸ್ಯಗಾರರ ಟಿವಿ ಕಾರ್ಯಕ್ರಮಕ್ಕೆ ಬರವಣಿಗೆ. 2010ರಲ್ಲಿ 'ಲಾಸ್ಟ್ ಕಾಮಿಕ್ ಸ್ಟ್ಯಾಂಡಿಂಗ್' ಎಂಬ ಟಿವಿ ಸ್ಪರ್ಧೆ. ಹೀಗೆ ಹತ್ತು ವರ್ಷ ಸವೆಯಿತು.

ಆಮೇಲೆ ಬಂದದ್ದೇ 'ಕ್ರಿಸ್ಟೆಲಾ'. ಈ ಧಾರಾವಾಹಿ ಪರದೆಗೆ ಬಂದ ಬಗೆಯೇ ಒಂದು ಪಾಠ. ಅಮೆರಿಕದಲ್ಲಿ ವಾಹಿನಿಗಳು ಮೊದಲು ಒಂದು ಮಾದರಿ ಕಂತನ್ನು ಬರೆಸುತ್ತವೆ, ಹಿಡಿಸಿದರೆ ಚಿತ್ರೀಕರಿಸುತ್ತವೆ. ಎಬಿಸಿ ವಾಹಿನಿ ಇವರ ಬರಹವನ್ನು ಚಿತ್ರೀಕರಿಸುವುದು ಬೇಡ ಎಂದಿತು. ಕೈಬಿಟ್ಟಾಗ ಕರಾರಿನಂತೆ ಕೊಡಬೇಕಾದ ಪರಿಹಾರದ ಹಣ ಬಂತು. ಮನೆಗೆ ಒಯ್ಯಬಹುದಿತ್ತು. ಅದರ ಬದಲು ಆ ಹಣದಲ್ಲೇ, 'ಲಾಸ್ಟ್ ಮ್ಯಾನ್ ಸ್ಟ್ಯಾಂಡಿಂಗ್' ಎಂಬ ಇನ್ನೊಂದು ಧಾರಾವಾಹಿಯ ಸೆಟ್ಟನ್ನು ಬಳಸಿಕೊಂಡು, ಮಾದರಿ ಕಂತನ್ನು ಚಿತ್ರೀಕರಿಸಿ ಕಳಿಸಿದರು. ನೋಡಿದ ಮೇಲೆ ವಾಹಿನಿ ಮನಸ್ಸು ಬದಲಿಸಿತು. ಪಾಳುಬಿದ್ದ ಹೋಟೆಲನ್ನು ಮನೆ ಮಾಡಿಕೊಂಡು ಬೆಳೆದವರಿಗೆ ಬೇರೆಯವರ ಸೆಟ್ಟಿನಲ್ಲಿ ಒಂದು ಮನೆ ಕಟ್ಟುವುದು ಹೊಸದೇನೂ ಆಗಿರಲಿಲ್ಲ.

2014ರ ಅಕ್ಟೋಬರ್ 10ರಂದು ಮೊದಲ ಕಂತು ಬಂತು. ಅಮೆರಿಕದ ದೊಡ್ಡ ವಾಹಿನಿಯೊಂದರಲ್ಲಿ ತಾನೇ ಸೃಷ್ಟಿಸಿ, ತಾನೇ ನಿರ್ಮಾಪಕಿಯಾಗಿ, ತಾನೇ ನಾಯಕಿಯಾಗಿ ಸಿಟ್‌ಕಾಮ್ ನಡೆಸಿದ ಮೊದಲ ಲ್ಯಾಟಿನಾ ಎಂಬ ಹೆಸರು ಕ್ರಿಸ್ಟೆಲಾ ಅವರದಾಯಿತು. 'ಐ ಲವ್ ಲೂಸಿ' ಬಂದು 63 ವರ್ಷವಾಗಿತ್ತು. ಎದುರಿಗೆ ಪ್ರೇಕ್ಷಕರು, ಸುತ್ತ ಕ್ಯಾಮೆರಾಗಳು: ದೇಸಿ ಅರ್ನಾಜ್ ನೆಲೆಗೊಳಿಸಿದ ಆ ಅಂಗಳಕ್ಕೇ ಕಡೆಗೂ ಅವರ ಮಾತಿನ ಹೆಣ್ಣುಮಗಳೊಬ್ಬಳು ಒಡತಿಯಾಗಿ ಬಂದಳು.

ಕಥೆಯ ನಾಯಕಿ ಕ್ರಿಸ್ಟೆಲಾ ಹರ್ನಾಂಡೆಜ್ ಡಾಲಸ್‌ನಲ್ಲಿ ಕಾನೂನು ಓದುತ್ತಿರುವವಳು. ದುಡಿಯುತ್ತ ಓದುವುದರಿಂದ ಮೂರು ವರ್ಷದ ಓದು ಆರನೆಯ ವರ್ಷಕ್ಕೆ ಬಂದಿದೆ. ದೊಡ್ಡ ವಕೀಲರ ಕಚೇರಿಯಲ್ಲಿ ಸಂಬಳವಿಲ್ಲದ ತರಬೇತಿ. ವಾಸ ಸೋದರಿಯ ಮನೆಯಲ್ಲಿ. ಸೋದರಿಯ ಗಂಡನಿಗೆ ಇವಳು ಯಾವಾಗ ಮನೆ ಖಾಲಿ ಮಾಡುತ್ತಾಳೆಂಬ ಚಿಂತೆ, ಅಮ್ಮ ನಟಾಲಿಯಾಗೆ ಇಷ್ಟೆಲ್ಲ ಓದಿ ಏನಾಗಬೇಕು ಎಂಬ ಚಿಂತೆ. ಕಚೇರಿಗೆ ಹೋದರೆ ಅಲ್ಲಿ ಕೆಲಸದವಳೆಂದು ತಪ್ಪು ತಿಳಿಯುತ್ತಾರೆ. ಲೂಪೆ ಅವರ ಕೈಗೆ 150 ಸಲ ಕೊಟ್ಟ ಪೊರಕೆಯೇ ಇದು. ಆದರೆ ಈ ಸಲ ಅದು ನಾಯಕಿಯ ಕೈಯಲ್ಲಿಲ್ಲ, ನೋಡುವವರ ಕಣ್ಣಿನಲ್ಲಿದೆ. ಜನ ನಕ್ಕದ್ದು ತಪ್ಪು ತಿಳಿದವರನ್ನು ನೋಡಿ. ಬರೆಯುವ ಕೈ ಬದಲಾದರೆ ನಗುವಿನ ದಿಕ್ಕೇ ಬದಲಾಗುತ್ತದೆ.

ಎರಡು ಭಾಷೆಗಳಲ್ಲಿ ನಗಿಸುವ ಕುಸುರಿಯ ಬಗ್ಗೆಯೂ ಸ್ವಲ್ಪ ಹೇಳಬೇಕು. ಮೆಕ್ಸಿಕೊದ ಸ್ಪ್ಯಾನಿಷ್‌ನಲ್ಲಿ 'ಅಓರಿತಾ' ಎಂಬ ಪದವಿದೆ. 'ಅಓರಾ' ಅಂದರೆ ಈಗ. 'ಅಓರಿತಾ' ಅಂದರೆ ಪುಟ್ಟ ಈಗ. ನಿಘಂಟಿನ ಪ್ರಕಾರ 'ಈಗಲೇ' ಎಂದಾಗಬೇಕು. ಆದರೆ ಮನೆಯಲ್ಲಿ ಅದು ಈ ಕ್ಷಣವೂ ಆಗಬಹುದು, ಸಂಜೆಯೂ ಆಗಬಹುದು, ಎಂದೂ ಇಲ್ಲ ಎಂದೂ ಆಗಬಹುದು. 'ಬಂದೇಬಿಟ್ಟೆ' ಎಂದು ಫೋನಿನಲ್ಲಿ ಹೇಳುವ ನಮ್ಮವರು ಇನ್ನೂ ಸ್ನಾನದ ಮನೆಯಲ್ಲಿರುತ್ತಾರಲ್ಲ, ಹಾಗೆ. ಇಂಥ ಒಂದು ಪದ ಇಂಗ್ಲಿಷ್ ಮಾತಿನ ನಡುವೆ ಬಿದ್ದರೆ ಮನೆಯೊಳಗಿನವರು ತಕ್ಷಣ ನಗುತ್ತಾರೆ. ಹೊರಗಿನವರು ಅರ್ಥವಾಗದೆ ಒಂದು ಗಳಿಗೆ ತಡೆಯುತ್ತಾರೆ. ಅರ್ಥ ಬಿಡಿಸಿ ಹೇಳಿದರೆ ಒಳಗಿನವರಿಗೆ ಸಪ್ಪೆ, ಹೇಳದಿದ್ದರೆ ಹೊರಗಿನವರು ಹೊರಗೇ. ಒಳ್ಳೆಯ ದ್ವಿಭಾಷಾ ಹಾಸ್ಯಗಾರರು ಅರ್ಥ ಹೇಳುವುದಿಲ್ಲ, ಸನ್ನಿವೇಶ ಕಟ್ಟುತ್ತಾರೆ. ಅಮ್ಮನ ಮುಖ, ಕೈಯ ಆಟ, ದನಿಯ ಏರಿಳಿತ ಸೇರಿ ಪದದ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಗ ಸಭೆಯಲ್ಲಿ ನಗು ಎರಡು ಅಲೆಯಾಗಿ ಬರುತ್ತದೆ, ಮೊದಲು ಒಳಗಿನವರದು, ಹಿಂದೆಯೇ ಹೊರಗಿನವರದು. ಎರಡನೆಯ ಅಲೆ ಏಳುವ ಹೊತ್ತಿಗೆ ಹೊರಗಿನವರು ಒಂದು ಹೆಜ್ಜೆ ಒಳಗೆ ಬಂದಿರುತ್ತಾರೆ.

ಇದರಲ್ಲಿ ಸುಲಭದ ದಾರಿಯೂ ಒಂದಿದೆ. ಲ್ಯಾಟಿನೊ ಹಾಸ್ಯದಲ್ಲಿ ಮಕ್ಕಳ ಮೇಲೆ 'ಚಾಂಕ್ಲಾ', ಅಂದರೆ ಚಪ್ಪಲಿ, ಎಸೆಯುವ ಅಮ್ಮ ಎಲ್ಲರ ಬತ್ತಳಿಕೆಯಲ್ಲೂ ಇದ್ದಾಳೆ. ಹೇಳಿದರೆ ಚಪ್ಪಾಳೆ ಖಂಡಿತ. ಆದರೆ ಆ ಅಮ್ಮನಿಗೆ ಮುಖವಿಲ್ಲ. ಅವಳು ಯಾರ ಅಮ್ಮನೂ ಆಗಬಹುದು. ಕ್ರಿಸ್ಟೆಲಾ ಅವರ ಹಾಸ್ಯ ನನಗೆ ಇಷ್ಟವಾಗುವುದು ಅವರ ಅಮ್ಮ ಒಬ್ಬ ನಿರ್ದಿಷ್ಟ ಹೆಣ್ಣುಮಗಳಾಗಿ ಬರುವುದರಿಂದ. ಎರಡು ಪಾಳಿ ದುಡಿದು ಬಂದವಳು, ಅಂಜುಬುರುಕಿ, ಗದರುವವಳು, ಮಗಳ ದೊಡ್ಡ ಕನಸು ನೋಡಿ ಇದು ನಮ್ಮಂಥವರಿಗಲ್ಲ ಎಂದು ಕಳವಳಪಡುವವಳು. ಆ ಕಳವಳದಲ್ಲಿ ಮಗಳನ್ನು ಹತ್ತಿಕ್ಕುವ ಆಸೆ ಇಲ್ಲ, ಮಗಳಿಗೆ ಪೆಟ್ಟಾಗದಿರಲಿ ಎಂಬ ಕಾಳಜಿ ಇದೆ. ನಗುತ್ತ ನಗುತ್ತ ನಮಗೆ ಇದು ಗೊತ್ತಾಗಿರುತ್ತದೆ. ಆ ಮಗಳು ವೇದಿಕೆ ಹತ್ತುವ ಹೊತ್ತಿಗೆ ಆ ತಾಯಿ ಇರಲಿಲ್ಲ ಎಂಬುದನ್ನು ನೆನೆದರೆ, ಪ್ರತಿ ನಗುವಿನ ಹಿಂದೆಯೂ ಒಂದು ಸ್ಮರಣೆ ಇರುವುದು ಕಾಣುತ್ತದೆ.

'ಕ್ರಿಸ್ಟೆಲಾ' 22 ಕಂತು ನಡೆದು 2015ರ ಏಪ್ರಿಲ್‌ನಲ್ಲಿ ಮುಗಿಯಿತು; ಎರಡನೆಯ ವರ್ಷ ಸಿಗಲಿಲ್ಲ. ಹಾಸ್ಯ ಒರಟಾಯಿತು, ಹಳೆಯ ಅಚ್ಚಿನದಾಯಿತು ಎಂಬ ಟೀಕೆಗಳು ಬಂದವು. ಕೆಲವು ನ್ಯಾಯವಾದವೇ. ಆದರೆ ಆ ಒಂದು ಧಾರಾವಾಹಿಯ ಹೆಗಲ ಮೇಲೆ ಎಷ್ಟು ಭಾರವಿತ್ತು ನೋಡಿ. ಮೆಕ್ಸಿಕೊದವರು, ಕ್ಯೂಬಾದವರು, ಪೋರ್ಟೊ ರಿಕೊದವರು, ಸ್ಪ್ಯಾನಿಷ್ ಬಲ್ಲವರು, ಬಾರದವರು, ಎಲ್ಲರೂ ಅದರಲ್ಲಿ ತಮ್ಮ ಮುಖ ಹುಡುಕಿದರು. 'ಕ್ರಿಸ್ಟೆಲಾ'ದ ಮೊದಲ ಕಂತು ಬಂದ ಮೂರು ದಿನದ ನಂತರ ಬೇರೆ ವಾಹಿನಿಯಲ್ಲಿ ಇನ್ನೊಬ್ಬ ಲ್ಯಾಟಿನಾಳ ಕಥೆಯಾದ 'ಜೇನ್ ದ ವರ್ಜಿನ್' ಶುರುವಾಗಿದ್ದು ಒಳ್ಳೆಯದೇ ಆಯಿತು. 2017ರಲ್ಲಿ ಗ್ಲೋರಿಯಾ ಕಾಲ್ಡೆರಾನ್ ಕೆಲೆಟ್ ಇನ್ನೊಬ್ಬ ಬರಹಗಾರರ ಜೊತೆಗೂಡಿ 'ಒನ್ ಡೇ ಅಟ್ ಎ ಟೈಮ್' ಎಂಬ ಹಳೆಯ ಧಾರಾವಾಹಿಯನ್ನು ಕ್ಯೂಬಾ ಮೂಲದ ಕುಟುಂಬದ ಕಥೆಯಾಗಿ ಹೊಸದಾಗಿ ಕಟ್ಟಿದರು. ಅದರಲ್ಲಿ ಅಜ್ಜಿಯಾಗಿ ಕುಣಿದು, ಕೆಣಕಿ, ಅಳಿಸಿದವರು ಎಂಬತ್ತೈದು ದಾಟಿದ ರೀಟಾ ಮೊರೆನೊ. ಐವತ್ತು ವರ್ಷದ ಹಿಂದೆ ಸಿಗಬೇಕಿದ್ದ ಪಾತ್ರ, ಅದನ್ನು ಬರೆಯಬಲ್ಲ ಕೈ ಬಂದ ಮೇಲೆ ಸಿಕ್ಕಿತು.

ಧಾರಾವಾಹಿ ನಿಂತ ಮೇಲೆ ಕ್ರಿಸ್ಟೆಲಾ ಮತ್ತೆ ಮೈಕಿನ ಮುಂದೆ ನಿಂತರು. ನೆಟ್‌ಫ್ಲಿಕ್ಸ್‌ನಲ್ಲಿ ಅವರ ಮೂರು ಏಕವ್ಯಕ್ತಿ ಕಾರ್ಯಕ್ರಮಗಳಿವೆ: 2017ರ 'ಲೋವರ್ ಕ್ಲಾಸಿ', 2022ರ 'ಮಿಡಲ್ ಕ್ಲಾಸಿ', 2025ರ 'ಅಪ್ಪರ್ ಕ್ಲಾಸಿ'. ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಬಡವರು, ಮಧ್ಯಮ ವರ್ಗ, ಮೇಲಿನ ವರ್ಗ. ಕೊನೆಗೆ ಒಂದಕ್ಷರ ಸೇರಿಸಿ ವರ್ಗ ಎಂಬುದನ್ನೇ ಠೀವಿ ಎಂಬ ಅರ್ಥಕ್ಕೆ ತಿರುಗಿಸಿದ್ದಾರೆ. ಈ ಹೆಸರುಗಳಲ್ಲೇ ಅವರ ನಿಜವಾದ ವಸ್ತು ಸಿಗುತ್ತದೆ. ಜನ ಅವರನ್ನು 'ಎರಡು ಸಂಸ್ಕೃತಿಗಳವರು' ಎಂದು ಗುರುತಿಸುತ್ತಾರೆ. ಅವರು ಹೇಳುತ್ತ ಬಂದಿರುವುದು ಬಡತನ ಮತ್ತು ಹಣದ ಕಥೆ. ಹಣವಿಲ್ಲದೆ ಬೆಳೆದವರಿಗೆ ನಡುವಯಸ್ಸಿನಲ್ಲಿ ಹಣ ಬಂದಾಗ ಏನಾಗುತ್ತದೆ? ಯಾವುದು ಅಗತ್ಯ, ಯಾವುದು ದುಂದು ಎಂದು ಮೈಗೆ ಗೊತ್ತಾಗುವುದಿಲ್ಲ. ಹಸಿವು ಹೋದರೂ ಹಸಿವಿನ ಲೆಕ್ಕಾಚಾರ ಹೋಗುವುದಿಲ್ಲ. ಇದನ್ನು ಕರುಣೆ ಬೇಡದೆ, ಬಡತನಕ್ಕೆ ಹೂಮಾಲೆಯನ್ನೂ ಹಾಕದೆ ಹೇಳುವುದು ಬಲು ಕಷ್ಟ. ಆ ಎರಡು ಹೊಂಡಗಳ ನಡುವಿನ ಕಾಲುದಾರಿಯಲ್ಲಿ ಅವರು ನಗಿಸುತ್ತ ನಡೆದಿದ್ದಾರೆ.

2019ರಲ್ಲಿ ಅವರ ಆತ್ಮಕಥನ 'ಮ್ಯೂಸಿಕ್ ಟು ಮೈ ಇಯರ್ಸ್' ಬಂತು. ಒಂದೊಂದು ಅಧ್ಯಾಯಕ್ಕೆ ಒಂದೊಂದು ಹಾಡಿನ ನಂಟು. ಮೊದಲೆಲ್ಲ ಇಷ್ಟದ ಹಾಡುಗಳನ್ನು ಒಂದು ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳುತ್ತಿದ್ದೆವಲ್ಲ, ಆ ಬಗೆಯ ಜೋಡಣೆ. ಇಂಗ್ಲಿಷನ್ನು ಟಿವಿಯಿಂದ ಕಲಿತವರು ತಮ್ಮ ಬದುಕಿನ ಕಥೆಯನ್ನು ಹಾಡುಗಳಿಂದ ಕಟ್ಟಿದ್ದು ಸಹಜವೇ. ಪುಸ್ತಕದ ಕಪಾಟು ಇಲ್ಲದ ಮನೆಯಲ್ಲಿ ಅವರ ಕೈಗೆ ಸಿಕ್ಕ ಗ್ರಂಥಾಲಯ ಅದೇ.

ಈ ಕಥೆ ನಮ್ಮವರಿಗೂ ತಾಗುತ್ತದೆ. ಡಾಲಸ್, ಹ್ಯೂಸ್ಟನ್ ಮೊದಲಾದ ಊರುಗಳಲ್ಲಿ ಇಂದು ಕನ್ನಡದ ಸಂಸಾರಗಳಿವೆ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವ, ಊರಿಂದ ಬಂದ ಅಜ್ಜಿಗೆ ಅಂಗಡಿಯಲ್ಲಿ ದುಭಾಷಿಯಾಗುವ ಮಕ್ಕಳು ಅಲ್ಲಿ ಬೆಳೆಯುತ್ತಿದ್ದಾರೆ. ಆದರೆ ಎರಡೂ ಒಂದೇ ಎನ್ನಲಾರೆ. ನಮ್ಮಲ್ಲಿ ಹೆಚ್ಚಿನವರು ಹೋದದ್ದು ಪದವಿ ಮತ್ತು ವೀಸಾ ಹಿಡಿದು. ಕ್ರಿಸ್ಟೆಲಾ ಅವರ ತಾಯಿಗೆ ಇದ್ದದ್ದು ದುಡಿಯುವ ಎರಡು ಕೈ ಮಾತ್ರ. ಭಾಷೆಯ ತೊಡಕು ಇಬ್ಬರಿಗೂ ಉಂಟು. ಹೊಟ್ಟೆಯ ತೊಡಕು ಅವರಿಗೆ ಹೆಚ್ಚು. ಹಾಗಿದ್ದೂ ಆ ಮಕ್ಕಳಲ್ಲಿ ಯಾರಾದರೂ ಮುಂದೊಂದು ದಿನ ತಮ್ಮ ಅಜ್ಜಿಯ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟರೆ, ಅಜ್ಜಿಯನ್ನು ನಗೆಪಾಟಲು ಮಾಡದೆ ಅಜ್ಜಿಯ ಪಕ್ಕ ನಿಂತು ನಗಿಸುವುದು ಹೇಗೆಂದು ಇಂಥವರಿಂದ ಕಲಿಯಬಹುದು.

ನಮ್ಮ ಹಳೆಯ ಪಂಡಿತರು 'ದೇಹಲೀದೀಪ ನ್ಯಾಯ' ಎಂಬ ಮಾತು ಬಳಸುತ್ತಿದ್ದರು. ಹೊಸ್ತಿಲ ಮೇಲಿಟ್ಟ ದೀಪ ಒಳಮನೆಗೂ ಬೆಳಕು ಕೊಡುತ್ತದೆ, ಅಂಗಳಕ್ಕೂ ಕೊಡುತ್ತದೆ ಎಂದು ಅದರರ್ಥ. ಇಲ್ಲಿಯವರೂ ಅಲ್ಲ, ಅಲ್ಲಿಯವರೂ ಅಲ್ಲ ಎಂಬ ಕೊರಗಿಗೆ ನನಗೆ ತೋಚುವ ಉತ್ತರ ಇದು. ಎರಡು ಸಂಸ್ಕೃತಿಗಳವರು ಎಂದರೆ ಅರ್ಧ ಒಳಗೆ, ಅರ್ಧ ಹೊರಗೆ ಇರುವವರಲ್ಲ. ಹೊಸ್ತಿಲೂ ಮನೆಯದೇ ಒಂದು ಭಾಗ. ಅಲ್ಲಿ ನಿಂತವರಿಗೆ ಎರಡೂ ಕಡೆ ಕಾಣುತ್ತದೆ.

ಕ್ರಿಸ್ಟೆಲಾ ಅವರ ಕೆಲಸ ನೋಡಬೇಕೆಂದಿದ್ದರೆ 'ಲೋವರ್ ಕ್ಲಾಸಿ'ಯಿಂದ ಶುರುಮಾಡಿ, ಮೂರನ್ನೂ ಕ್ರಮದಲ್ಲಿ ನೋಡಿ. ಮಾತುಗಳು ದೊಡ್ಡವರಿಗಾಗಿ, ಮಗಳ ಜೊತೆ ಬೇಡ. ಮಗಳ ಜೊತೆ 'ಕಾರ್ಸ್ 3' ಇನ್ನೊಂದು ಸಲ ನೋಡಿ. ಕೊನೆಯ ರೇಸಿನಲ್ಲಿ ಮೆಕ್ವೀನ್ ತನ್ನ ಜಾಗವನ್ನು ಕ್ರೂಜ್‌ಗೆ ಬಿಟ್ಟುಕೊಡುತ್ತಾನೆ. ಅವನ 95ನೇ ನಂಬರನ್ನು ಮೈಮೇಲೆ ಹಾಕಿಕೊಂಡೇ ಅವಳು ಗೆಲ್ಲುತ್ತಾಳೆ. ಚಿತ್ರ ಮುಗಿಯುವ ಹೊತ್ತಿಗೆ ಅವಳಿಗೆ ತನ್ನದೇ ಒಂದು ನಂಬರು ಬಂದಿರುತ್ತದೆ, 51. ಅದು ಅವಳ ಮೈಮೇಲೆ ಕಾಣಿಸಿದಾಗ ಮಗಳಿಗೆ ಹೇಳಿ: ಈ ಕಾರಿಗೆ ದನಿ ಕೊಟ್ಟವರು ಕೂಡ ಮೊದಲು ಬೇರೆಯವರ ಸೆಟ್ಟಿನಲ್ಲಿ ಓಡಿ, ಆಮೇಲೆ ತಮ್ಮ ಹೆಸರನ್ನು ತಾವೇ ಬರೆದುಕೊಂಡರು.